ದೀರ್ಘವ್ಯಾಧಿಯೂ ನಿತ್ಯಪ್ರಸಾರಣವೂ

ನಮ್ಮ ಶಾಲೆಯ ದಿನವು ಪ್ರಾರ್ಥನೆಯಿಂದ ಮೊದಲಾಗುವುದೆಂಬುದನ್ನು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಹಳೆಯ ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗಂಟೆ ಬಾರಿಸಿದೊಡನೆ ಮಕ್ಕಳು ಅಂಗಳದಲ್ಲಿ ಸಾಲುಗೂಡಿ ನಿಲ್ಲುವರು; ಶಿಕ್ಷಕರಾದ ನಾವು ಮೆಟ್ಟಿಲುಗಳ ಮೇಲೆ ಕೈಮುಗಿದು ನಿಲ್ಲುವೆವು. ಆರು ವರ್ಷಗಳ ಹಿಂದೆ, ಮಾಗಿಯ ಒಂದು ಬೆಳಗ್ಗೆ, ಪ್ರಾರ್ಥನೆ ಮುಗಿದ ಮೇಲೆ ಎಂಟನೆಯ ತರಗತಿಯ ಬಾಲಕನೊಬ್ಬನು ನನ್ನ ಬಳಿಗೆ ಬಂದು, "ಗುರುಗಳೇ, ನೀವು ಕೈ ಪೂರಾ ಯಾಕ ಜೋಡಸೂದಿಲ್ಲರಿ?" ಎಂದು ಕೇಳಿದನು. ಮಕ್ಕಳ ಕಣ್ಣಿಗೆ ಬೀಳದ ವಸ್ತುವಿಲ್ಲ. ನಾನು ಅವನೆದುರಿಗೇ ಮತ್ತೊಮ್ಮೆ ಕೈಜೋಡಿಸಿ ನೋಡಿಕೊಂಡೆ. ಬೆರಳ ತುದಿಗಳು ತುದಿಗಳನ್ನು ಮುಟ್ಟಿದ್ದವು. ಮಣಿಕಟ್ಟು ಮಣಿಕಟ್ಟಿಗೆ ತಾಗಿತ್ತು. ನಡುವೆ ಮಾತ್ರ, ಸೀಸಕಡ್ಡಿಯೊಂದು ಸಲೀಸಾಗಿ ಹಾದುಹೋಗುವಷ್ಟು ಅಂತರವಿತ್ತು. ಎಷ್ಟು ಒತ್ತಿದರೂ ಅದು ಮುಚ್ಚಲಿಲ್ಲ.

ಆ ಹೊತ್ತಿಗೆ ನನಗೆ ಮಧುಮೇಹವು ಅಂಟಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಗುಳಿಗೆ ನುಂಗುವುದನ್ನೂ ಸಕ್ಕರೆಯನ್ನು ದೂರವಿಡುವುದನ್ನೂ ಬಲ್ಲವನಾಗಿದ್ದೆ. ಆದರೆ ಅದೇ ಮಾಸದಲ್ಲಿ ನನ್ನ ಬಲಭುಜವೂ ಬಿಗಿಯತೊಡಗಿತ್ತು. ಕರಿಹಲಗೆಯ ಮೇಲಂಚಿಗೆ ಕೈ ಏರದೆ, ನಡುವಿನಿಂದ ಬರೆಯಲು ಆರಂಭಿಸಿದ್ದೆ. ಮೂವತ್ತು ವರ್ಷ ಹಲಗೆಯ ಮೇಲೆ ಪದ್ಯಗಳ ಗಣವಿಭಾಗ ಮಾಡಿ ತೋರಿಸಿದ ಕೈಗೆ ಇದು ಅಲ್ಪವಾದ ಅವಮಾನವಲ್ಲ. ಅಂಗಿಯ ತೋಳಿಗೆ ಕೈ ತೂರಿಸಲು ಮನೆಯವರ ನೆರವು ಬೇಕಾಗಿತ್ತು. ರಾತ್ರಿ ಆ ಮಗ್ಗುಲಿಗೆ ಮಲಗುವಂತಿರಲಿಲ್ಲ. ವಯಸ್ಸಿನ ಧರ್ಮವೆಂದು ನಾನೇ ಸಮಾಧಾನ ಹೇಳಿಕೊಂಡು ಯಾರಿಗೂ ತಿಳಿಸಿರಲಿಲ್ಲ. ಆ ಬಾಲಕನ ಪ್ರಶ್ನೆಯೇ ನನ್ನನ್ನು ವೈದ್ಯರ ಬಳಿಗೆ ಕಳುಹಿತು. ಅಲ್ಲಿಂದ ಈಚೆಗೆ ಕಲಿತದ್ದನ್ನು, ನನ್ನಂತೆಯೇ ದೀರ್ಘವ್ಯಾಧಿಯೊಡನೆ ಬಾಳುತ್ತಿರುವ ಸಹೋದ್ಯೋಗಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಶಾಲೆಯ ಪೋಷಕರಾದ ಮಹನೀಯರಿಗೂ ಉಪಯೋಗವಾದೀತೆಂಬ ಆಶಯದಿಂದ ಇಲ್ಲಿ ನಿವೇದಿಸುತ್ತೇನೆ. ನಾನು ವೈದ್ಯನಲ್ಲ, ಕನ್ನಡ ಪಂಡಿತ. ಓದುಗರು ಇದನ್ನು ಅನುಭವಿಯ ಮಾತೆಂದು ಭಾವಿಸಬೇಕೇ ಹೊರತು ಚಿಕಿತ್ಸಕನ ವಿಧಿಯೆಂದಲ್ಲ.

ಬಿಗಿತದ ಕಾರಣ

ವೈದ್ಯರು ನನ್ನ ಕೈ ನೋಡುವ ಮೊದಲೇ, "ನಮಸ್ಕಾರ ಮಾಡಿರಿ" ಎಂದರು. ನಾನು ಶಿಷ್ಟಾಚಾರವೆಂದು ತಿಳಿದು ಮಾಡಿದೆ. ಅದು ಪರೀಕ್ಷೆಯಾಗಿತ್ತು! ಮಧುಮೇಹಿಯ ಅಂಗೈಗಳು ಜೋಡಿಸಿದಾಗ ಪೂರ್ಣವಾಗಿ ಕೂಡದಿರುವುದನ್ನು ಆಧುನಿಕ ವೈದ್ಯಶಾಸ್ತ್ರದಲ್ಲಿ 'ಪ್ರಾರ್ಥನಾಚಿಹ್ನೆ' ಎಂದೇ ಕರೆಯುತ್ತಾರಂತೆ. ಶಾಲೆಯ ಪ್ರಾರ್ಥನೆಯಲ್ಲಿ ನನ್ನ ಶಿಷ್ಯನು ಕಂಡುಹಿಡಿದದ್ದು ಅದನ್ನೇ.

ಇದರ ಕಾರಣವನ್ನು ಅವರು ಹೀಗೆ ವಿವರಿಸಿದರು. ನಮ್ಮ ಚರ್ಮ, ಸ್ನಾಯುಬಂಧ, ಕೀಲುಗಳ ಸುತ್ತಣ ಚೀಲ, ಇವುಗಳಿಗೆಲ್ಲ ಆಧಾರವಾಗಿರುವುದು ಕೊಲಾಜೆನ್ ಎಂಬ ನಾರಿನಂತಹ ಸಸಾರಜನಕ. ಆರೋಗ್ಯವಂತನಲ್ಲಿ ಈ ಎಳೆಗಳು ಒಂದರ ಪಕ್ಕದಲ್ಲೊಂದು ಜಾರಾಡಬಲ್ಲವು. ರಕ್ತದಲ್ಲಿ ಸಕ್ಕರೆಯ ಅಂಶವು ವರ್ಷಗಟ್ಟಲೆ ಅಧಿಕವಾಗಿದ್ದರೆ, ಸಕ್ಕರೆಯ ಕಣಗಳು ಈ ಎಳೆಗಳಿಗೆ ಅಂಟಿಕೊಂಡು, ಎಳೆಯಿಂದೆಳೆಗೆ ಅಡ್ಡಗಟ್ಟುಗಳನ್ನು ಹಾಕುತ್ತವೆ. ಪಾಕಕ್ಕೆ ಬಿದ್ದ ನೂಲು ಒಣಗಿದ ಮೇಲೆ ಹೇಗೆ ಪೆಡಸಾಗುವುದೋ ಹಾಗೆ ದೇಹದ ನಾರುಗಳು ಪೆಡಸಾಗುತ್ತವೆ. ಕೈಬೆರಳುಗಳಲ್ಲಿ ಇದು ಅಂಗೈಯ ಅಂತರವಾಗಿ ತೋರುತ್ತದೆ. ಭುಜದಲ್ಲಿ ಕೀಲಿನ ಚೀಲವೇ ಉರಿಯೂತಕ್ಕೀಡಾಗಿ ಕುಗ್ಗಿ, ಕೈ ಮೇಲೇಳದಂತಾಗುತ್ತದೆ. ಇದಕ್ಕೆ 'ಹೆಪ್ಪುಗಟ್ಟಿದ ಭುಜ' ಎಂಬ ಹೆಸರು ರೂಢಿಯಲ್ಲಿದೆ. ಇತರರಿಗಿಂತ ಮಧುಮೇಹಿಗಳಿಗೆ ಇದು ಬಹಳ ಹೆಚ್ಚಾಗಿ ಬರುತ್ತದೆ. ಮೊದಲು ನೋವಿನ ಕಾಲ, ಅನಂತರ ಬಿಗಿತದ ಕಾಲ, ಕೊನೆಗೆ ಮೆಲ್ಲಮೆಲ್ಲನೆ ಕರಗುವ ಕಾಲ ಎಂದು ಮೂರು ಅವಸ್ಥೆಗಳನ್ನು ಹಾದುಹೋಗಲು ಒಂದರಿಂದ ಮೂರು ವರ್ಷ ಹಿಡಿಯಬಹುದು.

ಇಂತಹವರು ಒಬ್ಬಿಬ್ಬರಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ೨೦೨೩ರಲ್ಲಿ ಪ್ರಕಟವಾದಾಗ, ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಜನರಿಗೆ ಮಧುಮೇಹವಿದೆಯೆಂದು ತಿಳಿದುಬಂದಿತು. ೧೯೨೧ರಲ್ಲಿ ಕೆನಡಾ ದೇಶದ ಟೊರೊಂಟೊ ನಗರದಲ್ಲಿ ಇನ್ಸುಲಿನ್ನನ್ನು ಕಂಡುಹಿಡಿಯುವುದಕ್ಕೆ ಮುಂಚೆ ಈ ರೋಗವು ಎಷ್ಟೋ ಮಕ್ಕಳಿಗೆ ಮರಣಶಾಸನವಾಗಿತ್ತು. ಇಂದು ಅದು ಜೀವಮಾನವೆಲ್ಲ ಜೊತೆಗಿರುವ ಸಹವಾಸಿಯಾಗಿದೆ. ಸಹವಾಸಿಯೊಡನೆ ಬಾಳಲು ಔಷಧವೊಂದೇ ಸಾಲದು, ದಿನಚರಿಯೂ ಬೇಕು.

ಪೂರ್ವಿಕರು ಇದನ್ನು ಅರಿಯದವರಲ್ಲ. ಆಸನದ ಸುಖ, ನಿದ್ರೆಯ ಸುಖಗಳನ್ನು ಚರಕಸಂಹಿತೆಯು ಪ್ರಮೇಹದ ಕಾರಣಗಳ ಸಾಲಿನಲ್ಲಿ ಎಣಿಸುತ್ತದೆ. ಸುಶ್ರುತಸಂಹಿತೆಯಲ್ಲಿಯಂತೂ, ಧನವಿಲ್ಲದ ಪ್ರಮೇಹಿಯು ಛತ್ರಪಾದರಕ್ಷೆಗಳಿಲ್ಲದೆ ನೂರು ಯೋಜನ ನಡೆಯಬೇಕೆಂದೂ ಬಾವಿ ತೋಡಬೇಕೆಂದೂ ಹೇಳಿದೆ. ಪಾದಗಳ ಸ್ಪರ್ಶಜ್ಞಾನ ಕುಂದಿರಬಹುದಾದ ಇಂದಿನ ಮಧುಮೇಹಿಯು ಬರಿಗಾಲಲ್ಲಿ ನಡೆಯುವುದು ಅಪಾಯ, ಅದನ್ನು ಅನುಸರಿಸತಕ್ಕದ್ದಲ್ಲ. ಆದರೆ ಕುಳಿತೇ ಇರುವ ದೇಹವು ಕೆಡುತ್ತದೆಂಬ ತಾತ್ಪರ್ಯವು ಇಂದಿಗೂ ಸಲ್ಲುತ್ತದೆ.

ಪ್ರಸಾರಣವೆಂದರೇನು?

ತರ್ಕಶಾಸ್ತ್ರವನ್ನು ಓದಿದವರಿಗೆ ವೈಶೇಷಿಕರ ಐದು ಕರ್ಮಗಳು ನೆನಪಿರಬಹುದು: ಉತ್ಕ್ಷೇಪಣ, ಅಪಕ್ಷೇಪಣ, ಆಕುಂಚನ, ಪ್ರಸಾರಣ, ಗಮನ. ಮೇಲೆತ್ತುವುದು, ಕೆಳಗಿಳಿಸುವುದು, ಮಡಚುವುದು, ಚಾಚುವುದು, ನಡೆಯುವುದು ಎಂದು ತಿಳಿಗನ್ನಡದಲ್ಲಿ ಹೇಳಬಹುದು. ವಿದ್ಯಾರ್ಥಿದೆಸೆಯಲ್ಲಿ ಇವನ್ನು ಕಂಠಪಾಠ ಮಾಡಿದ ನಾನು, ನನ್ನ ದಿನದಲ್ಲಿ ಇವುಗಳಲ್ಲಿ ಎಷ್ಟು ಉಳಿದಿವೆಯೆಂದು ಐವತ್ತು ದಾಟಿದ ಮೇಲೆ ಎಣಿಸಿ ನೋಡಿದೆ. ಬೆಳಗಿನ ನಡಿಗೆ ಇತ್ತು. ಚೀಲ ಎತ್ತಿ ಇಳಿಸುವುದೂ ಇತ್ತು. ಮಡಚುವುದಕ್ಕಂತೂ ಕೊರತೆಯಿರಲಿಲ್ಲ: ಕುರ್ಚಿಯಲ್ಲಿ ಮೊಣಕಾಲು ಮಡಚಿ, ಉತ್ತರಪತ್ರಿಕೆಗಳ ಮೇಲೆ ಕುತ್ತಿಗೆ ಬಗ್ಗಿಸಿ, ಬೆರಳು ಮಡಚಿ ಲೇಖನಿ ಹಿಡಿದು ದಿನವಿಡೀ ಆಕುಂಚನವೇ. ಪ್ರಸಾರಣವೊಂದು ಮಾತ್ರ ಸಂಪೂರ್ಣವಾಗಿ ಲೋಪವಾಗಿತ್ತು.

ನಮ್ಮ ಕನ್ನಡದಲ್ಲಿ ಇದಕ್ಕೆ 'ಮೈಮುರಿಯುವುದು' ಎಂಬ ಸೊಗಸಾದ ಮಾತಿದೆ. ಹಾಸಿಗೆ ಬಿಟ್ಟೇಳುವಾಗ ಮಗು ಮೈಮುರಿಯುತ್ತದೆ. ಬೆಕ್ಕು ಮುಂಗಾಲು ಚಾಚಿ ಬೆನ್ನು ಸೆಳೆಯುತ್ತದೆ. ಮಲಗೆದ್ದ ಎತ್ತು ಬೆನ್ನು ನೀಡಿ ಮೈಮುರಿದರೆ ಅದು ಗಟ್ಟಿಯಾಗಿದೆಯೆಂದು ರೈತನು ನಿಶ್ಚಿಂತನಾಗುತ್ತಾನೆ. ಹಿರಿಯರ ಮುಂದೆ ಮೈಮುರಿದರೆ ಮಾತ್ರ ಸೋಮಾರಿಯೆಂದು ಗದರಿಸುವುದು ನಮ್ಮ ಪದ್ಧತಿ. ತರಗತಿಯಲ್ಲಿ ನಾನೇ ಎಷ್ಟು ಹುಡುಗರನ್ನು ಹಾಗೆ ಗದರಿಸಿಲ್ಲ! ಈಗ ಆ ಮಕ್ಕಳ ಕ್ಷಮೆ ಕೇಳಬೇಕೆನಿಸುತ್ತದೆ.

ಪ್ರಸಾರಣದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಅದು ಕೀಲುಗಳ ಚಲನೆಯ ವ್ಯಾಪ್ತಿಯನ್ನು ಕಾಯುತ್ತದೆ, ಸ್ವಲ್ಪಮಟ್ಟಿಗೆ ಹೆಚ್ಚಿಸುತ್ತದೆ. ಬಿಗಿತದಿಂದಾಗುವ ನೋವನ್ನು ತಗ್ಗಿಸುತ್ತದೆ. ಅದು ನಡಿಗೆಯ ಸ್ಥಾನವನ್ನು ತುಂಬಲಾರದು. ಔಷಧದ ಸ್ಥಾನವನ್ನಂತೂ ಎಂದಿಗೂ ತುಂಬಲಾರದು. ಮಧುಮೇಹಿಯು ವಾರಕ್ಕೆ ಒಟ್ಟು ೧೫೦ ನಿಮಿಷಗಳಷ್ಟು ಬಿರುಸಿನ ನಡಿಗೆಯಂತಹ ವ್ಯಾಯಾಮವನ್ನು ಮಾಡಬೇಕು, ಒಂದೇ ಸಮನೆ ಕುಳಿತಿದ್ದರೆ ಅರ್ಧಗಂಟೆಗೊಮ್ಮೆ ಏಳಬೇಕು ಎಂದು ವೈದ್ಯರು ಹೇಳುತ್ತಾರೆ. ಪ್ರಸಾರಣವು ಇವುಗಳ ಜೊತೆಗೆ ಸಲ್ಲುವಂಥದು. ನನ್ನ ಪರಿಚಿತರೊಬ್ಬರು ವ್ಯಾಯಾಮದಿಂದ ಮೈ ಹಗುರಾಯಿತೆಂಬ ಉತ್ಸಾಹದಲ್ಲಿ ಗುಳಿಗೆಗಳನ್ನೇ ನಿಲ್ಲಿಸಿದರು. ಕೆಲವೇ ತಿಂಗಳಲ್ಲಿ ಕಾಲಿನ ಹುಣ್ಣಿನಿಂದ ಆಸ್ಪತ್ರೆ ಸೇರಿದರು. ಮೈ ಹಗುರವಾದದ್ದು ನಿಜ. ರಕ್ತದ ಸಕ್ಕರೆ ಮೈಗೆ ಹೇಳಿ ಏರುವುದಿಲ್ಲವೆಂಬುದೂ ಅಷ್ಟೇ ನಿಜ.

ನಮ್ಮ ನಾಡಿನದೇ ಒಂದು ನಿದರ್ಶನ

ರೋಗಗ್ರಸ್ತವಾದ ಬಿಗಿದ ದೇಹವು ನಿತ್ಯಾಭ್ಯಾಸದಿಂದ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಹೊರನಾಡಿನತ್ತ ನೋಡಬೇಕಾಗಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರ ಡಿಸೆಂಬರ್ ೧೪ರಂದು, ಇನ್‌ಫ್ಲುಯೆಂಜಾ ಮಹಾಮಾರಿಯ ಕಾಲದಲ್ಲಿ, ಬಡ ಶಾಲಾಮಾಸ್ತರರೊಬ್ಬರ ಮಗನಾಗಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ಜರ್ಜರಿತರಾಗಿದ್ದರು. ೧೯೩೪ರಲ್ಲಿ ಅವರು ಮೈಸೂರಿಗೆ, ತಮ್ಮ ಅಕ್ಕನ ಪತಿಯಾದ ತಿರುಮಲೈ ಕೃಷ್ಣಮಾಚಾರ್ಯರ ಮನೆಗೆ ಬಂದರು. ಬಾಗಿದರೆ ಅವರ ಕೈಬೆರಳು ಮೊಣಕಾಲಿನಿಂದ ಕೆಳಕ್ಕೆ ಇಳಿಯುತ್ತಿರಲಿಲ್ಲವಂತೆ. ಚಿತ್ರದುರ್ಗ ಸೀಮೆಯಲ್ಲಿ ಜನಿಸಿದ ಕೃಷ್ಣಮಾಚಾರ್ಯರು ಆಗ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಬೋಧಿಸುತ್ತಿದ್ದರು. ೧೯೩೪ರಲ್ಲಿ ಹೊರಬಂದ ಅವರ 'ಯೋಗಮಕರಂದ'ವು ಮೊದಲು ಕನ್ನಡದಲ್ಲಿ ರಚಿತವಾದ ಕೃತಿಯೆಂಬುದು ಕನ್ನಡ ಪಂಡಿತನಾದ ನನಗೆ ಅಭಿಮಾನದ ಸಂಗತಿ.

ಈ ಕಥೆಗೆ ನಮ್ಮ ಜಿಲ್ಲೆಯ ನಂಟೂ ಇದೆ. ಗುರುಗಳೊಡನೆ ಉತ್ತರ ಕರ್ನಾಟಕದ ಊರುಗಳಲ್ಲಿ ಆಸನ ಪ್ರದರ್ಶನಗಳು ನಡೆದಾಗ, ಬೆಳಗಾವಿಯಲ್ಲಿ ಶಸ್ತ್ರವೈದ್ಯರಾಗಿದ್ದ ಡಾ. ವಿ. ಬಿ. ಗೋಖಲೆಯವರು ಅದನ್ನು ಕಂಡು ಮೆಚ್ಚಿದರು. ಅವರ ಪ್ರಯತ್ನದಿಂದಲೇ ೧೯೩೭ರಲ್ಲಿ ತರುಣ ಅಯ್ಯಂಗಾರರು ಪುಣೆಗೆ ಶಿಕ್ಷಕರಾಗಿ ಹೋದರು. ಮುಂದೆ ೧೯೬೬ರಲ್ಲಿ ಅವರ 'ಲೈಟ್ ಆನ್ ಯೋಗ' ಗ್ರಂಥವು ಪ್ರಕಟವಾಗಿ ಲೋಕವಿಖ್ಯಾತವಾಯಿತು. ೧೯೭೯ರಲ್ಲಿ ಸ್ಕೂಟರ್ ಅಪಘಾತಗಳಿಂದ ದೇಹವು ಘಾಸಿಗೊಂಡಾಗ ಅವರು ಹೊಸ ವಿದ್ಯಾರ್ಥಿಯಂತೆ ಮೊದಲಿನಿಂದ ಅಭ್ಯಾಸ ಮಾಡಬೇಕಾಯಿತು. ೨೦೧೪ರ ಆಗಸ್ಟ್ ೨೦ರಂದು ತಮ್ಮ ೯೫ನೆಯ ವಯಸ್ಸಿನಲ್ಲಿ ಅವರು ದಿವಂಗತರಾದರು.

ಅವರ ಕಠಿಣಾಸನಗಳನ್ನು ನನ್ನಂತಹವರು ಅನುಕರಿಸಬೇಕೆಂದು ನಾನು ಹೇಳುತ್ತಿಲ್ಲ. ಅವರಿಂದ ನಾವು ಸ್ವೀಕರಿಸಬೇಕಾದವು ಎರಡು. ಮೊದಲನೆಯದು, ದಿನ ತಪ್ಪದ ಅಭ್ಯಾಸ. ಎರಡನೆಯದು, ರೋಗಿಯ ದೇಹವನ್ನು ಆಸನಕ್ಕೆ ಬಗ್ಗಿಸದೆ, ಆಸನವನ್ನೇ ದೇಹದ ಅಳತೆಗೆ ತಂದ ವಿವೇಕ. ಕುರ್ಚಿ, ಹಗ್ಗ, ಪಟ್ಟಿ, ಮರದ ದಿಮ್ಮಿ, ದಿಂಬು ಇವನ್ನೆಲ್ಲ ಅವರು ಸಾಧನಗಳನ್ನಾಗಿ ಮಾಡಿಕೊಂಡು, ನೆಲಕ್ಕೆ ಕೂಡಲಾಗದವನಿಗೂ ಅಭ್ಯಾಸದ ಬಾಗಿಲು ತೆರೆದರು. ನಮ್ಮ ಮನೆಯ ಗೋಡೆ, ಕುರ್ಚಿ, ಪಂಚೆ ಇವುಗಳೇ ನಮಗೆ ಸಾಕಾದ ಸಾಧನಗಳು.

ನಾನು ಮಾಡಿದ ತಪ್ಪು

ವೈದ್ಯರಿಂದ ಬಂದ ಮೊದಲ ವಾರದಲ್ಲಿ ನನ್ನ ಉತ್ಸಾಹವು ಮೇರೆ ಮೀರಿತ್ತು. ಒಂದೇ ತಿಂಗಳಲ್ಲಿ ಕೈಯನ್ನು ಹಲಗೆಯ ಮೇಲಂಚಿಗೆ ಏರಿಸಬೇಕೆಂಬ ಹಟದಿಂದ, ಹಲ್ಲು ಕಚ್ಚಿ ಭುಜವನ್ನು ಎಳೆದೆ. ಸಾಲದೆಂದು ಮಾಲೀಸು ಮಾಡುವವನೊಬ್ಬನಿಂದ ಕೈಯನ್ನು ಹಿಂದಕ್ಕೆ ಜಗ್ಗಿಸಿಕೊಂಡೆ. ಆ ರಾತ್ರಿಯ ವೇದನೆಯನ್ನು ಬಣ್ಣಿಸಲಾರೆ. ಭುಜವು ಮೊದಲಿಗಿಂತ ಬಿಗಿಯಿತು. ನಾನು ಎಲ್ಲವನ್ನೂ ಕೈಬಿಟ್ಟು ಮೂರು ತಿಂಗಳು ಸುಮ್ಮನಿದ್ದೆ. ಆ ಮೂರು ತಿಂಗಳಲ್ಲಿ ಅದು ಇನ್ನಷ್ಟು ಕುಗ್ಗಿತು. ಅತಿಯೂ ಕೆಡಿಸಿತು, ಅಭಾವವೂ ಕೆಡಿಸಿತು.

ಎರಡನೆಯ ಸಲ ಹೋದಾಗ ವೈದ್ಯರು ನನಗೆ ಎರಡು ಸೂತ್ರಗಳನ್ನು ಕೊಟ್ಟರು. ಸೆಳೆತ ತಿಳಿಯಬೇಕು, ನೋವಾಗಬಾರದು ಎಂಬುದು ಒಂದು. ಅಭ್ಯಾಸ ಮುಗಿದು ಎರಡು ಗಂಟೆಗಳಾದ ಮೇಲೂ ನೋವು ಮೊದಲಿಗಿಂತ ಹೆಚ್ಚಾಗಿದ್ದರೆ ಅಂದು ಮಾಡಿದ್ದು ಅತಿಯಾಯಿತೆಂದು ತಿಳಿದು, ಮರುದಿನ ನಿಲ್ಲಿಸದೆ ಕಡಮೆ ಮಾಡಬೇಕು ಎಂಬುದು ಇನ್ನೊಂದು. ಮನೆಗೆ ಬಂದು ಸುಶ್ರುತಸಂಹಿತೆಯನ್ನು ತೆರೆದಾಗ, ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟೇ ಮಾಡಬೇಕೆಂಬ ವಿಧಿ ಅಲ್ಲಿಯೂ ಕಂಡಿತು. ಅದನ್ನು ಹಿಂದೆ ಎಷ್ಟೋ ಸಲ ಓದಿದ್ದೆ. ಭುಜವು ಓದಿಸಿದಾಗಲೇ ಅರ್ಥವಾದದ್ದು.

ಅಭ್ಯಾಸದ ಕ್ರಮ

ನನಗೆ ಹಿತವಾದ ಕ್ರಮವನ್ನು ಸಂಕ್ಷೇಪವಾಗಿ ಕೊಡುತ್ತೇನೆ. ಮೈ ಬೆಚ್ಚಗಿರುವಾಗ, ಅಂದರೆ ಸ್ವಲ್ಪ ನಡೆದಾಡಿದ ಅಥವಾ ಬಿಸಿನೀರಿನ ಸ್ನಾನ ಮಾಡಿದ ಮೇಲೆ, ಮಾಡಿದರೆ ನಾರುಗಳು ಬೇಗ ಒಗ್ಗುತ್ತವೆ. ಜಗ್ಗಾಡದೆ, ಕುಲುಕದೆ, ಸೆಳೆತ ತಿಳಿಯುವಲ್ಲಿಗೆ ಹೋಗಿ ಅಲ್ಲಿಯೇ ಅರ್ಧ ನಿಮಿಷದವರೆಗೆ ನಿಲ್ಲಬೇಕು. ಒಂದೊಂದನ್ನು ಎರಡು ಮೂರು ಸಲ ಮಾಡಿದರೆ ಸಾಕು.

೧. ಹಾಸಿಗೆಯಲ್ಲಿಯೇ ಅಂಗಾತ ಮಲಗಿ, ಎರಡೂ ಕೈಗಳನ್ನು ಸಾಧ್ಯವಾದಷ್ಟು ತಲೆಯ ಹಿಂದಕ್ಕೂ ಹಿಮ್ಮಡಿಗಳನ್ನು ಮುಂದಕ್ಕೂ ನೀಡುವುದು. ಇದೇ ಮೈಮುರಿಯುವುದು.

೨. ಎದೆಯ ಮುಂದೆ ಕೈಜೋಡಿಸಿ, ಮೊಣಕೈಗಳನ್ನು ಮೆಲ್ಲನೆ ಪಕ್ಕಕ್ಕೆ ಎತ್ತುತ್ತ, ಅಂಗೈಗಳು ಕೂಡುವಂತೆ ಹಿತವಾಗಿ ಒತ್ತುವುದು.

೩. ಒಂದು ಕೈಯಿಂದ ಮೇಜನ್ನು ಹಿಡಿದು ಮುಂದಕ್ಕೆ ಬಾಗಿ, ಬಿಗಿದ ಕೈಯನ್ನು ಸಡಿಲವಾಗಿ ಇಳಿಬಿಟ್ಟು ಗಡಿಯಾರದ ಲೋಲಕದಂತೆ ತೂಗುವುದು. ಭುಜದ ನೋವು ಹೆಚ್ಚಾಗಿರುವ ಕಾಲದಲ್ಲಿ ಇದೊಂದೇ ಸಾಕು.

೪. ಗೋಡೆಗೆ ಎದುರಾಗಿ ನಿಂತು, ಇರುವೆ ಏರುವಂತೆ ಬೆರಳುಗಳಿಂದ ಗೋಡೆಯನ್ನು ಹತ್ತುವುದು. ಏರಿದಲ್ಲಿ ನಿಲ್ಲುವುದು, ಮೆಲ್ಲನೆ ಇಳಿಯುವುದು.

೫. ಸ್ನಾನದ ಬಳಿಕ ಬೆನ್ನೊರಸಿಕೊಳ್ಳುವಂತೆ ಪಂಚೆಯನ್ನು ಬೆನ್ನ ಹಿಂದೆ ಹಿಡಿದು, ಮೇಲಿನ ಒಳ್ಳೆಯ ಕೈಯಿಂದ ಕೆಳಗಿನ ಬಿಗಿದ ಕೈಯನ್ನು ನಿಧಾನವಾಗಿ ಮೇಲಕ್ಕೆ ಸೆಳೆಯುವುದು.

೬. ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಮೀನಖಂಡವನ್ನು ನೀಡುವುದು; ಅನಂತರ ಕುರ್ಚಿಯ ಅಂಚಿನಲ್ಲಿ ಕುಳಿತು ಒಂದು ಕಾಲನ್ನು ಮುಂದೆ ಚಾಚಿ, ಬೆನ್ನು ಗೂನಾಗದಂತೆ ಸೊಂಟದಿಂದ ತುಸು ಮುಂದಕ್ಕೆ ಬಾಗುವುದು.

೭. ಕಿವಿಯನ್ನು ಭುಜದತ್ತ ಒಲಿಸಿ ಕುತ್ತಿಗೆಯ ಪಾರ್ಶ್ವಗಳನ್ನು ನೀಡುವುದು. ತಲೆಯನ್ನು ಗರಗರನೆ ಸುತ್ತಿಸಬಾರದು.

ಅರ್ಧ ನಿಮಿಷವನ್ನು ಅಳೆಯಲು ಗಡಿಯಾರ ಬೇಕೇ ಎಂದು ಕೇಳಿದರೆ, ಕನ್ನಡಿಗರಿಗೆ ಬೇಡವೆನ್ನುತ್ತೇನೆ. ಭಾಮಿನೀ ಷಟ್ಪದಿಯ ಒಂದು ಪದ್ಯದಲ್ಲಿ ೧೪ ಮಾತ್ರೆಗಳ ನಾಲ್ಕು ಪಾದಗಳೂ ೨೩ ಮಾತ್ರೆಗಳ ಎರಡು ಪಾದಗಳೂ ಸೇರಿ ೧೦೨ ಮಾತ್ರೆಗಳಾಗುತ್ತವೆ. ನಿಧಾನವಾಗಿ ವಾಚಿಸಿದರೆ ಒಂದು ಪದ್ಯಕ್ಕೆ ಸುಮಾರು ಅರ್ಧ ನಿಮಿಷ. ಬಾಯಲ್ಲಿ ಪದ್ಯವಿದ್ದರೆ ಉಸಿರು ಬಿಗಿಹಿಡಿಯುವ ದೋಷವೂ ತಪ್ಪುತ್ತದೆ. ಹೀಗೆ ಆರು ವರ್ಷಗಳಲ್ಲಿ, ಮರೆತೇಹೋಗಿದ್ದ ಎಷ್ಟೋ ಷಟ್ಪದಿಗಳು ನನ್ನ ನಾಲಗೆಗೆ ಮರಳಿ ಬಂದಿವೆ.

ನೇಮವನ್ನು ದಿನಕ್ಕೆ ಹೆಣೆಯುವ ಬಗೆ

ಕ್ರಮವನ್ನು ಕಲಿಯುವುದು ಒಂದು ದಿನದ ಕೆಲಸ. ನಡೆಸಿಕೊಂಡು ಹೋಗುವುದೇ ಜೀವಮಾನದ ಕೆಲಸ. ಜೂನ್ ೨೧ನ್ನು ಅಂತರರಾಷ್ಟ್ರೀಯ ಯೋಗದಿನವೆಂದು ೨೦೧೫ರಿಂದ ಆಚರಿಸುತ್ತಿದ್ದೇವೆ. ಅಂಗಳ ತುಂಬುತ್ತದೆ, ಛಾಯಾಚಿತ್ರಗಳೂ ಚೆನ್ನಾಗಿ ಬರುತ್ತವೆ. ಆದರೆ ಕೀಲುಗಳಿಗೆ ವರ್ಷದ ಲೆಕ್ಕ ತಿಳಿಯದು, ದಿನದ ಲೆಕ್ಕವೇ ತಿಳಿಯುವುದು.

ಹೊಸ ಕೆಲಸಕ್ಕೆ ಹೊಸ ಸಮಯವನ್ನು ಹುಡುಕಿದರೆ ಸಿಗುವುದಿಲ್ಲ. ಆಗಲೇ ತಪ್ಪದೆ ನಡೆಯುತ್ತಿರುವ ಕೆಲಸಕ್ಕೆ ಅದನ್ನು ಗಂಟುಹಾಕಬೇಕು. ಬಳ್ಳಿಗೆ ಬೇರೆ ಗೋಡೆ ಕಟ್ಟುವುದಿಲ್ಲ, ಇರುವ ಕಂಬಕ್ಕೇ ಹಬ್ಬಿಸುತ್ತೇವೆ. ನನ್ನ ಮೊದಲ ಕಂಬ, ಹಾಸಿಗೆ ಬಿಡುವ ಹೊತ್ತು. ಎರಡನೆಯದು, ಸ್ನಾನ ಮುಗಿದು ಪಂಚೆ ಕೈಯಲ್ಲಿರುವ ಹೊತ್ತು. ಮೂರನೆಯದು, ಶಾಲೆಯಲ್ಲಿ ಮಧ್ಯಂತರದ ಗಂಟೆ. ನಾಲ್ಕನೆಯದು, ಸಂಜೆ ದೀಪ ಹಚ್ಚಿದ ಮೇಲೆ. ಒಂದೊಂದಕ್ಕೆ ಮೂರು ನಾಲ್ಕು ನಿಮಿಷ. ಒಟ್ಟು ಕೂಡಿಸಿದರೆ ಕಾಲು ಗಂಟೆ. ಕಾಲು ಗಂಟೆಯನ್ನು ಒಂದೇ ಸಲಕ್ಕೆ ಕೇಳಿದ್ದರೆ ನಾನು ನೂರು ನೆಪ ಹೇಳುತ್ತಿದ್ದೆ.

ದೀರ್ಘವ್ಯಾಧಿಯವನಿಗೆ ಎಲ್ಲ ದಿನಗಳೂ ಒಂದೇ ತೆರನಾಗಿರುವುದಿಲ್ಲ. ನಿದ್ರೆ ಕೆಟ್ಟ ದಿನ, ಸಕ್ಕರೆ ಏರಿಳಿದ ದಿನ, ಜ್ವರದ ದಿನ ಎಂದು ಬರುತ್ತಲೇ ಇರುತ್ತವೆ. ಅಂತಹ ದಿನಕ್ಕೆಂದು ನಾನು ಒಂದು 'ಕಿರುನೇಮ'ವನ್ನು ಇಟ್ಟುಕೊಂಡಿದ್ದೇನೆ: ಹಾಸಿಗೆಯಲ್ಲಿ ಒಮ್ಮೆ ಮೈಮುರಿಯುವುದು, ಒಮ್ಮೆ ಅಂಗೈ ಜೋಡಿಸುವುದು, ಇಷ್ಟೇ. ಜ್ವರವು ಹೆಚ್ಚಾಗಿದ್ದರೆ ಅದೂ ಇಲ್ಲ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಿ ಸಾಲ ತೀರಿಸಲು ಹೋಗಬಾರದು. ಮರುದಿನ ತಪ್ಪಿಸದಿದ್ದರೆ ಸಾಕು. ನೇಮವು ಮುರಿಯುವುದು ಮೊದಲ ದಿನದ ತಪ್ಪಿನಿಂದಲ್ಲ, "ಹೇಗೂ ತಪ್ಪಿತಲ್ಲ" ಎಂಬ ಎರಡನೆಯ ದಿನದ ಮಾತಿನಿಂದ.

ಲೆಕ್ಕ ಇಡುವುದೂ ಸಹಾಯಕವಾದೀತು. ನಮ್ಮ ಶಿಕ್ಷಕರ ಕೊಠಡಿಯ ಬಾಗಿಲ ಹಿಂದಿನ ಗೋಡೆಯ ಮೇಲೆ, ತಿಂಗಳ ಮೊದಲ ದಿನ ನನ್ನ ಬೆರಳು ಏರಿದಷ್ಟು ಎತ್ತರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ. ದಿನದಿಂದ ದಿನಕ್ಕೆ ಏನೂ ಕಾಣುವುದಿಲ್ಲ, ಮನಸ್ಸು ಕುಗ್ಗುತ್ತದೆ. ತಿಂಗಳ ಗೆರೆಯಿಂದ ತಿಂಗಳ ಗೆರೆಗೆ ಒಂದು ಬೆರಳಗಲ ಕಂಡಿತು. ಎರಡು ತಿಂಗಳು ಗೆರೆ ಕೆಳಕ್ಕೂ ಇಳಿಯಿತು. ಇಳಿದದ್ದನ್ನೂ ಅಳಿಸದೆ ಬಿಟ್ಟೆ.

ನೆರೆಮನೆಯ ಪಾಠ

ನಿಪ್ಪಾಣಿಯು ತಂಬಾಕಿನ ಊರು. ೧೯೮೧ರ ಬೆಳೆಗಾರರ ಚಳವಳಿಯಿಂದ ಈ ಹೆಸರು ನಾಡಿಗೆಲ್ಲ ತಿಳಿಯಿತು. ಆದರೆ ತಂಬಾಕಿನ ಭಾರವನ್ನು ಬೆನ್ನಿನಿಂದಲೂ ಕುತ್ತಿಗೆಯಿಂದಲೂ ಹೊತ್ತವರು ಬೀಡಿ ಕಟ್ಟುವ ನಮ್ಮ ತಾಯಂದಿರು. ಅವರ ಮಕ್ಕಳಲ್ಲಿ ಅನೇಕರು ಈ ಶಾಲೆಯಲ್ಲಿ ಓದಿದವರು. ತೊಡೆಯ ಮೇಲೆ ಮೊರವನ್ನಿಟ್ಟುಕೊಂಡು, ಕಾಲು ಮಡಚಿ, ತಲೆ ಬಾಗಿಸಿ ಗಂಟೆಗಟ್ಟಲೆ ಕುಳಿತುಕೊಳ್ಳುವುದು ಅವರ ವೃತ್ತಿ. ನಮ್ಮ ನೆರೆಮನೆಯ ತಾಯಿಯೊಬ್ಬರಿಗೆ ಮಧುಮೇಹವೂ ಇದೆ, ಮೊಣಕಾಲು ನೋವೂ ಇದೆ. ನಾನು ಪಾಂಡಿತ್ಯದ ಧಾಟಿಯಲ್ಲಿ ಪ್ರಸಾರಣವನ್ನು ಉಪದೇಶಿಸಿದಾಗ ಅವರು ನಕ್ಕು, "ಸಾವಿರಕ್ಕ ಇಷ್ಟಂತ ಕೂಲಿ ಗುರುಗಳೇ, ಕೈ ನಿಂತರ ಒಲಿ ನಿಂತತಿ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ತಿಂಗಳ ಸಂಬಳದವನಿಗೆ ನಿಮಿಷವು ಅಗ್ಗ. ಎಣಿಕೆಯ ಕೂಲಿಯವರಿಗೆ ಅದು ಅನ್ನ.

ಪರಿಹಾರವನ್ನು ಕಂಡುಕೊಂಡವರೂ ಅವರೇ. ಒಂದು ಕಟ್ಟು ಮುಗಿದು ದಾರ ಸುತ್ತಿದ ಮೇಲೆ, ಮತ್ತೊಂದನ್ನು ಆರಂಭಿಸುವ ಮುನ್ನ ಒಂದು ಕಾಲನ್ನು ಮುಂದೆ ಚಾಚುವರು. ಮುಂದಿನ ಕಟ್ಟಿಗೆ ಇನ್ನೊಂದು ಕಾಲು. ಎಲೆ ತರಲು ಎದ್ದಾಗ ಎರಡೂ ಕೈಗಳಿಂದ ಬಾಗಿಲ ಮೇಲ್ಪಟ್ಟಿಯನ್ನು ಮುಟ್ಟುವರು. ಇದಕ್ಕಾಗಿ ಅವರು ಒಂದು ಬೀಡಿಯನ್ನೂ ಕಳೆದುಕೊಳ್ಳಲಿಲ್ಲ. ಮೊಣಕಾಲು ನೋವು ಹೋಗಿಲ್ಲ; ಸಂಜೆ ಏಳುವಾಗ ಗೋಡೆ ಹಿಡಿಯುವುದು ತಪ್ಪಿದೆ. ಕಂಬಕ್ಕೆ ಬಳ್ಳಿ ಹಬ್ಬಿಸುವ ಮಾತನ್ನು ನಾನು ಬರೆದೆ, ಅವರು ಮಾಡಿ ತೋರಿಸಿದರು.

ಕೆಲವು ಎಚ್ಚರಿಕೆಗಳು

ಅಭ್ಯಾಸವನ್ನು ಆರಂಭಿಸುವ ಮುನ್ನ ವೈದ್ಯರನ್ನು ಕಾಣುವುದು ಅವಶ್ಯ. ಮಧುಮೇಹದಿಂದ ಕಣ್ಣಿನ ಒಳಪರದೆಯು ಕೆಟ್ಟಿರುವವರು ತಲೆ ಕೆಳಗಾಗುವ ಭಂಗಿಗಳನ್ನೂ ಉಸಿರು ಬಿಗಿಹಿಡಿದು ತಿಣುಕುವುದನ್ನೂ ಮಾಡಕೂಡದು. ರಕ್ತಸ್ರಾವವಾಗಿ ದೃಷ್ಟಿಗೆ ಹಾನಿಯಾದೀತು. ಪಾದಗಳಲ್ಲಿ ಸ್ಪರ್ಶ ಕುಂದಿದವರು ನಿಂತು ಮಾಡುವಾಗ ಆಧಾರ ಹಿಡಿಯಬೇಕು, ದಿನವೂ ಅಂಗಾಲನ್ನು ನೋಡಿಕೊಳ್ಳಬೇಕು. ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರ ಇಳಿಸಬಲ್ಲ ಗುಳಿಗೆಗಳನ್ನು ತೆಗೆದುಕೊಳ್ಳುವವರು ವ್ಯಾಯಾಮದ ಹೊತ್ತಿನಲ್ಲಿ ಸಕ್ಕರೆಯನ್ನೋ ಬೆಲ್ಲವನ್ನೋ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಬೆವರು, ನಡುಕ, ಕಣ್ಣುಕತ್ತಲೆ ಕಂಡರೆ ಒಡನೆ ನಿಲ್ಲಿಸಿ ತಿನ್ನಬೇಕು. ಎಲುಬು ಸವೆದು ಟೊಳ್ಳಾಗಿರುವವರು ಬೆನ್ನು ಗೂನಾಗುವಂತೆ ಮುಂದಕ್ಕೆ ಬಾಗಬಾರದು. ಕೀಲು ಕೆಂಪಾಗಿ ಬಾತು ಬಿಸಿಯಾಗಿರುವಾಗ ಅದನ್ನು ಎಳೆಯಬಾರದು. ಎದೆನೋವು ಕಂಡರೆ ಅದು ಸ್ನಾಯುವಿನದೆಂದು ಊಹಿಸುತ್ತ ಕುಳಿತುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮುಕ್ತಾಯ

ಆರು ವರ್ಷಗಳ ಅನಂತರ ನನ್ನ ಸ್ಥಿತಿಯೇನು ಎಂದು ಓದುಗರು ಕೇಳಬಹುದು. ಭುಜವು ಎರಡು ವರ್ಷಗಳಲ್ಲಿ ಬಹುಪಾಲು ಸಡಿಲಿತು. ಅದು ತಾನಾಗಿ ಕರಗುವ ಕಾಲವೂ ಬಂದಿದ್ದಿರಬಹುದು. ಎಲ್ಲ ಶ್ರೇಯಸ್ಸನ್ನು ಅಭ್ಯಾಸಕ್ಕೆ ಕೊಡುವುದು ನ್ಯಾಯವಲ್ಲ. ಹಲಗೆಯ ಮೇಲಿನಿಂದ ಎರಡನೆಯ ಸಾಲಿಗೆ ಕೈ ಏರುತ್ತದೆ. ಮೊದಲನೆಯ ಸಾಲಿನಲ್ಲಿ ದಿನಾಂಕವನ್ನು ಬರೆಯುವ ಕೆಲಸವನ್ನು ಎತ್ತರದ ವಿದ್ಯಾರ್ಥಿಯೊಬ್ಬನಿಗೆ ವಹಿಸಿದ್ದೇನೆ. ಅಂಗೈಗಳ ನಡುವಣ ಅಂತರವು ಕಿರಿದಾಗಿದೆ, ಮುಚ್ಚಿಲ್ಲ. ಸೀಸಕಡ್ಡಿ ಈಗ ತೂರದು. ತೆಳುವಾದ ಪುಸ್ತಕದ ಹಾಳೆ ತೂರುತ್ತದೆ. ಅದು ಇನ್ನು ಮುಚ್ಚಲಾರದೆಂದು ವೈದ್ಯರು ಹೇಳಿದ್ದಾರೆ. ಬಿಟ್ಟರೆ ಮತ್ತೆ ಅಗಲವಾಗುವುದೆಂದೂ ಹೇಳಿದ್ದಾರೆ. ಆದುದರಿಂದ ಇದು ಗೆದ್ದು ಮುಗಿಸುವ ಯುದ್ಧವಲ್ಲ, ದಿನವೂ ಕಾಯಬೇಕಾದ ಹೊಲ.

ಶಾಲೆಯ ಹಿತೈಷಿಗಳಲ್ಲಿ ನನ್ನದೊಂದು ಸಣ್ಣ ವಿಜ್ಞಾಪನೆ. ಹೊಸ ಕೊಠಡಿಗಳನ್ನು ಕಟ್ಟಿಸುವಾಗ, ಶಿಕ್ಷಕರ ಕೊಠಡಿಯಲ್ಲಿ ಕಪಾಟುಗಳಿಂದ ಮುಚ್ಚಿಹೋಗದ ಒಂದು ಬರಿಯ ಗೋಡೆಯನ್ನು ಉಳಿಸಿಕೊಡಿರಿ. ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆಯೆಂದರೆ, ಮೂರನೆಯ ಅವಧಿಯಲ್ಲಿ ಹಿಂದಿನ ಬೆಂಚಿನ ಹುಡುಗನು ಮೈಮುರಿದರೆ ಗದರಿಸಬೇಡಿರಿ; ತರಗತಿಗೆಲ್ಲ ಎದ್ದು ಒಮ್ಮೆ ಕೈ ಚಾಚಲು ಹೇಳಿರಿ, ನೀವೂ ಚಾಚಿರಿ. ಅಂದು ನನ್ನನ್ನು ಪ್ರಶ್ನಿಸಿದ ಬಾಲಕನು ಈಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ಕಳೆದ ವರ್ಷ ಸಮ್ಮೇಳನಕ್ಕೆ ಬಂದಾಗ ನನಗೆ ಕೈಮುಗಿದು, ನನ್ನ ಕೈಗಳತ್ತ ನೋಡಿ ನಕ್ಕನು. ನಾನೂ ಕೈಮುಗಿದು ತೋರಿಸಿದೆ.